ಬೆಳವಲದ ಹಣ್ಣು: ತಾಯಿಮರದ ಆಯ್ಕೆ, ಸಾಗುವಳಿ ಮತ್ತು ಅಡಿಗೆಯ ಉಪಯೋಗ

ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಯಾರೂ ನೆಡದೆ, ಯಾರೂ ನೀರುಣಿಸದೆ, ತಾನಾಗಿಯೆ ಬೆಳೆದು ಫಲ ಕೊಡುತ್ತ ಬಂದಿರುವ ಗಿಡಗಳಲ್ಲಿ ಬೆಳವಲವು ಒಂದು. ಕುಂದಗೋಳ ತಾಲೂಕಿನ ಕುಬಿಹಾಳ ಮತ್ತು ಅದರಂಥ ಇತರ ಗ್ರಾಮಗಳ ಸೀಮೆಗೆ ಇದು ತಕ್ಕ ಗಿಡವಾಗಿದೆ. ಹತ್ತಿ, ಜೋಳ, ಮೆಣಸಿನಕಾಯಿ, ಕಡಲೆಗಳನ್ನು ಬೆಳೆಯುವ ಈ ನೆಲವು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವದು. ಮಳೆಗಾಲದಲ್ಲಿ ಕಾಲಿಟ್ಟರೆ ಹೂಳುವಷ್ಟು ಕೆಸರಾಗುವದು. ಸುಕುಮಾರವಾದ ಹಣ್ಣಿನ ಗಿಡಗಳು ನೀರಿನ ಅನುಕೂಲತೆಯಿಲ್ಲದೆ ಇಂಥಲ್ಲಿ ನೆಲೆಗೊಳ್ಳುವದು ಕಷ್ಟ. ಬೆಳವಲವಾದರೋ ಒಡ್ಡಿನ ಮೇಲೆ, ಹಳ್ಳದ ದಂಡೆಗೆ, ಹಾಳುಬಾವಿಯ ಬದಿಗೆ, ಬೀಜ ಬಿದ್ದಲ್ಲಿಯೆ ಬೇರೂರಿ ನಿಲ್ಲುವದು.

ಹೀಗಿದ್ದರೂ ಇದನ್ನು ಕಡಿಯುವವರು ಹೆಚ್ಚು, ನೆಡುವವರು ಇಲ್ಲವೆಂದರೂ ಸಲ್ಲುವದು. ಹೊಲವನ್ನು ಹಸನುಮಾಡುವಾಗ, ಒಡ್ಡನ್ನು ಹೊಸದಾಗಿ ಹಾಕುವಾಗ, ಟ್ರ್ಯಾಕ್ಟರು ತಿರುಗಲು ಅಡ್ಡಿಯಾದಾಗ ಮೊದಲು ಕೊಡಲಿ ಬೀಳುವದು ಇದರ ಮೇಲೆ. ಮಾವನ್ನೋ ಹುಣಸೆಯನ್ನೋ ಕಡಿಯಬೇಕಾದರೆ ಒಡೆಯನು ಎರಡು ಸಲ ಆಲೋಚಿಸುವನು. ಬೆಳವಲದ ವಿಷಯಕ್ಕೆ ಒಂದು ಸಲವೂ ಆಲೋಚಿಸುವದಿಲ್ಲ. ಹುಳಿಕಾಯಿ, ದನ ಕಾಯುವ ಹುಡುಗರ ತಿನಿಸು ಎಂಬ ಒಂದು ಮಾತಿನಲ್ಲಿ ಮರದ ತೀರ್ಪು ಆಗಿಹೋಗುವದು.

ಈ ತೀರ್ಪು ಎಲ್ಲ ಮರಗಳಿಗೂ ಸಲ್ಲತಕ್ಕದ್ದಲ್ಲ. ಬೆಳವಲದಲ್ಲಿ ಒಂದು ಮರದ ಹಣ್ಣು ನಾಲಿಗೆ ಚುರುಗುಟ್ಟುವಷ್ಟು ಹುಳಿಯಾಗಿದ್ದರೆ ಮತ್ತೊಂದರ ಹಣ್ಣು ಬೆಲ್ಲವಿಲ್ಲದೆಯೆ ತಿನ್ನುವಷ್ಟು ಸಿಹಿಯಾಗಿರುವದು. ಒಂದರಲ್ಲಿ ನಿಂಬೆಯ ಗಾತ್ರಕ್ಕಿಂತ ತುಸುವೇ ದೊಡ್ಡ ಕಾಯಿ, ಇನ್ನೊಂದರಲ್ಲಿ ಮೂರು ಅಂಗುಲಕ್ಕೂ ಮಿಕ್ಕಿದ ದಪ್ಪದ ಕಾಯಿ. ಕಾರಣವಿಷ್ಟೆ: ಹೊಲದಲ್ಲಿ ನಿಂತ ಮರಗಳೆಲ್ಲ ಬೀಜದಿಂದ ಹುಟ್ಟಿದವು; ಬೀಜದಿಂದ ಹುಟ್ಟಿದ ಗಿಡವು ತಾಯಿಯನ್ನು ಹೋಲಬೇಕೆಂಬ ನಿಯಮವಿಲ್ಲ. ಆದುದರಿಂದ ಊರ ಸೀಮೆಯಲ್ಲಿ ಸಿಹಿಹಣ್ಣಿನ ಮರವೊಂದಿದ್ದು ಅದು ಕೊಡಲಿಗೆ ಸಿಕ್ಕಿತೆಂದರೆ, ಅದರ ಬೀಜಗಳನ್ನು ನೂರು ಕಡೆ ಬಿತ್ತಿದರೂ ಆ ಗುಣವು ತಿರುಗಿ ಕೈಗೆ ಬರುವ ಭರವಸೆಯಿಲ್ಲ. ಹೊಸದಾಗಿ ಗಿಡ ಹಚ್ಚುವ ಮಾತಿಗಿಂತ ಮುಂಚೆ, ಇದ್ದ ಮರಗಳಲ್ಲಿ ಒಳ್ಳೆಯದು ಯಾವದೆಂದು ಗುರುತಿಸುವ ಕೆಲಸವು ಆಗತಕ್ಕದ್ದಾಗಿದೆ. ಈ ಕೆಲಸವನ್ನು ಖಾತೆಯವರು ದೂರದಿಂದ ಬಂದು ಮಾಡಲಾರರು. ಊರಿನ ಗೌಡರೂ ಪಾಟೀಲರೂ ಜಮೀನುದಾರರೂ ಮನಸ್ಸಿಟ್ಟರೆ ಎರಡು ಸುಗ್ಗಿಗಳಲ್ಲಿ ಮುಗಿಯುವಂಥದು.

ಹೆಸರು ಮತ್ತು ಗುರುತು

ಬೆಳವಲ, ಬೇಲ ಎಂಬ ಎರಡು ಹೆಸರುಗಳೂ ಗ್ರಂಥಗಳಲ್ಲಿ ಕಾಣುವವು. ಧಾರವಾಡದ ಕಡೆಯ ಆಡುಮಾತಿನಲ್ಲಿ ಇದನ್ನು ಬಳವಲ, ಬಳೂಲಕಾಯಿ ಎನ್ನುವರು; ಮೈಸೂರ ಕಡೆಗೆ ಬೇಲದ ಹಣ್ಣೆಂದೇ ರೂಢಿ. ಸಂಸ್ಕೃತದಲ್ಲಿ ಕಪಿತ್ಥ, ಮರಾಠಿಯಲ್ಲಿ ಕವಠ, ತೆಲುಗಿನಲ್ಲಿ ವೆಲಗ. ಗಣಪತಿಗೆ ಪ್ರಿಯವಾದ ಫಲಗಳಲ್ಲಿ ಇದನ್ನು ನೇರಳೆಯೊಡನೆ ಎಣಿಸುವದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಸ್ಯಶಾಸ್ತ್ರಜ್ಞನಾದ ಲಿನ್ನೇಯಸನು 1762ರಲ್ಲಿ ಕೊಟ್ಟ ಲಿಮೋನಿಯಾ ಅಸಿಡಿಸ್ಸಿಮಾ ಎಂಬ ಹೆಸರು ಈಗ ರೂಢಿಯಲ್ಲಿದೆ. ಹಳೆಯ ಪುಸ್ತಕಗಳಲ್ಲಿ ಫೆರೋನಿಯಾ ಎಲಿಫ್ಯಾಂಟಮ್ ಎಂದಿದ್ದರೆ ಅದೂ ಇದೇ ಗಿಡವೆಂದು ತಿಳಿಯತಕ್ಕದ್ದು. ಅಣ್ಣಿಗೇರಿಯ ಸುತ್ತಣ ನಾಡಿಗೆ ಶಾಸನಗಳಲ್ಲಿ ಬೆಳ್ವೊಲ ಮುನ್ನೂರು ಎಂದು ಹೆಸರಿರುವದನ್ನು ಕಂಡು, ಆ ನಾಡಿಗೆ ಈ ಮರದಿಂದಲೆ ಹೆಸರು ಬಂದಿತೆಂದು ಹೇಳಬೇಕೆಂಬ ಚಪಲ ಹುಟ್ಟುವದು ಸಹಜ. ಆದರೆ ಚೆನ್ನಾಗಿ ಬೆಳೆಯುವ ಹೊಲವೆಂಬ ಅರ್ಥವು ಆ ನಾಡಿಗೆ ಹೆಚ್ಚು ಒಪ್ಪುವದು. ಬರಿಯ ಹೆಸರಿನ ಹೋಲಿಕೆಯ ಮೇಲೆ ಇತಿಹಾಸವನ್ನು ಕಟ್ಟುವದು ಸರಿಯಲ್ಲ.

ಬೆಳವಲವು ನಿಂಬೆ, ಕಿತ್ತಳೆಗಳ ಕುಲಕ್ಕೆ ಸೇರಿದ್ದು. ಎಲೆಯನ್ನು ಕೈಯಲ್ಲಿ ತಿಕ್ಕಿದರೆ ಬರುವ ಪರಿಮಳದಿಂದಲೆ ಈ ನಂಟು ತಿಳಿಯುವದು. ಮರವು 30 ಅಡಿಯವರೆಗೆ ಎತ್ತರ ಬೆಳೆಯುವದು. ಟೊಂಗೆಗಳಲ್ಲಿ ನೆಟ್ಟಗಿನ ಚೂಪಾದ ಮುಳ್ಳುಗಳಿರುವವು. ಪತ್ರಿ ಎನ್ನಿಸಿಕೊಳ್ಳುವ ಬಿಲ್ವಕ್ಕೂ ಇದಕ್ಕೂ ಅನೇಕರು ಗೊಂದಲ ಮಾಡಿಕೊಳ್ಳುವರು. ಬಿಲ್ವದ ಎಲೆಗೆ ಮೂರು ದಳ. ಬೆಳವಲಕ್ಕೆ ಐದು ಅಥವಾ ಏಳು ಸಣ್ಣ ದಳಗಳು, ಎದುರುಬದುರು ಜೋಡಿಯಾಗಿ, ತುದಿಗೊಂದು. ಬಿಲ್ವದ ಕಾಯಿಯ ತೊಗಟೆ ನುಣುಪು, ಒಳಗೆ ಬೀಜಗಳು ಅಂಟಿನಲ್ಲಿ ಹುದುಗಿರುವವು. ಬೆಳವಲದ ತೊಗಟೆಯಾದರೋ ಬೂದಿ ಬಳಿದಂತೆ ಬಿಳಿಚಾಗಿ ಒರಟಾಗಿದ್ದು ಕಟ್ಟಿಗೆಯಷ್ಟು ಗಟ್ಟಿ. ಒಳಗಿನ ತಿರುಳು ಹಣ್ಣಾದಾಗ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿ, ಅದರಲ್ಲೆಲ್ಲ ಸಣ್ಣ ಬಿಳಿಯ ಬೀಜಗಳು ಹರಡಿಕೊಂಡಿರುವವು.

ಹೊರಗೆ ನೆಟ್ಟಗಿದ್ದು ಒಳಗೆ ಬರಿದಾದ ವಸ್ತುವಿಗೆ ಪಂಡಿತರು ಗಜಭುಕ್ತ ಕಪಿತ್ಥವೆಂಬ ನ್ಯಾಯವನ್ನು ಹೇಳುವದುಂಟು. ಆನೆ ನುಂಗಿದ ಬೆಳವಲವು ತೊಗಟೆ ಒಡೆಯದೆ ಹೊರಬೀಳುವದು, ತಿರುಳು ಮಾತ್ರ ಮಾಯವಾಗಿರುವದು ಎಂಬುದು ಸಾಮಾನ್ಯವಾದ ವಿವರಣೆ. ಗಜವೆಂದರೆ ಇಲ್ಲಿ ಆನೆಯಲ್ಲ, ಒಂದು ಬಗೆಯ ಹುಳು ಎಂದು ಬೇರೆ ಕೆಲವರು ಅರ್ಥ ಮಾಡಿರುವರು. ಒಕ್ಕಲಿಗನ ಅನುಭವಕ್ಕೆ ಈ ಎರಡನೆಯ ಅರ್ಥವೇ ಹೊಂದುವದು. ಯಾಕಂದರೆ ಕಾಯಿ ಕೊರೆಯುವ ಹುಳು ಸಣ್ಣದೊಂದು ತೂತಿನಿಂದ ಒಳಹೊಕ್ಕು ತಿರುಳನ್ನೆಲ್ಲ ಕೆಡಿಸುವದನ್ನು ಅವನು ಕಂಡಿರುವನು. ಆನೆಯನ್ನು ಕಾಣಬೇಕಾದರೆ ಅವನು ಬಹುದೂರ ಹೋಗಬೇಕು.

ತಾಯಿಮರವನ್ನು ಆರಿಸುವ ಕ್ರಮ

ಧಾರವಾಡದ ಆಪೂಸು ಮಾವಿನ ಹೆಸರು ಎಲ್ಲರಿಗೂ ಗೊತ್ತು. ಅದು ಕೀರ್ತಿಗೆ ಬಂದದ್ದು ಬೀಜದಿಂದಲ್ಲ, ಕಲಮಿನಿಂದ. ಜವಾರಿ ಮಾವಿನ ಮರಗಳಲ್ಲಿ ಹತ್ತಕ್ಕೊಂದು ಚಲೋ ಹಣ್ಣು ಬಿಡುವದು. ಕಲಮಿ ಮಾವಿನ ತೋಟದಲ್ಲಿ ಎಲ್ಲ ಮರಗಳೂ ಒಂದೇ ಹಣ್ಣು ಬಿಡುವವು. ಬೆಳವಲವು ಇಂದಿಗೂ ಜವಾರಿ ಮಾವಿನ ಸ್ಥಿತಿಯಲ್ಲಿಯೇ ಉಳಿದಿದೆ. ಗುಜರಾಥದ ಗೋಧ್ರಾ ಹತ್ತಿರದ ವೇಜಲಪುರದಲ್ಲಿರುವ ಕೇಂದ್ರೀಯ ತೋಟಗಾರಿಕೆ ಪ್ರಯೋಗ ಕೇಂದ್ರದವರು ಮಳೆಯಾಶ್ರಿತ ಭೂಮಿಯಲ್ಲಿ ಈ ಹಣ್ಣಿನ ಮೇಲೆ ಕೆಲಸಮಾಡಿ ಥಾರ್ ಗೌರವ್ ಎಂಬ ಆಯ್ದ ತಳಿಯನ್ನು ಹೊರತಂದಿರುವರು. ಅವರು ಮಾಡಿದ್ದು ಮಾಯೆಯಲ್ಲ. ಅನೇಕ ಮರಗಳನ್ನು ಹೋಲಿಸಿ ನೋಡಿ ಒಳ್ಳೆಯದನ್ನು ಆರಿಸಿ ಕಸಿಯಿಂದ ಹೆಚ್ಚಿಸಿದರು. ಇದೇ ಕೆಲಸವನ್ನು ಒಂದು ಗ್ರಾಮದ ಮಟ್ಟಿಗೆ ಮಾಡುವದು ಕಠಿಣವಲ್ಲ.

ಹಣ್ಣುಗಳು ಕಾರ್ತಿಕದಿಂದ ಫಾಲ್ಗುಣದವರೆಗೆ ಬಲಿಯುವವು. ಆ ಕಾಲದಲ್ಲಿ ಊರ ಸೀಮೆಯಲ್ಲಿರುವ ಬೆಳವಲದ ಮರಗಳನ್ನೆಲ್ಲ ಸರ್ವೆ ನಂಬರಿನೊಡನೆ ಒಂದು ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಯಾವ ಮರದ ಹಣ್ಣು ಸಿಹಿ, ಯಾವುದು ಹುಳಿ ಎಂಬುದನ್ನು ದನ ಕಾಯುವ ಹುಡುಗರಷ್ಟು ಚೆನ್ನಾಗಿ ಬೇರೆ ಯಾರೂ ಬಲ್ಲವರಲ್ಲ. ಪಟ್ಟಿಯನ್ನು ಅವರಿಂದಲೆ ಆರಂಭಿಸುವದು ಲೇಸು. ಪ್ರತಿಯೊಂದು ಮರದಿಂದ ಎಂಟು ಹತ್ತು ಕಾಯಿಗಳನ್ನು ತಂದು, ಮರದ ಅಂಕಿಯನ್ನು ತೊಗಟೆಯ ಮೇಲೆ ಮಸಿಯಿಂದ ಬರೆದಿಡಬೇಕು.

ಪರೀಕ್ಷೆಯಲ್ಲಿ ಮೋಸ ಹೋಗಬಾರದಾದರೆ ಎಲ್ಲ ಕಾಯಿಗಳೂ ಒಂದೇ ಹದಕ್ಕೆ ಬಲಿತಿರಬೇಕು. ಬಲಿಯದ ಸಿಹಿಕಾಯಿಯು ಬಲಿತ ಹುಳಿಕಾಯಿಗಿಂತ ಒಗರಾಗಿರುವದು. ಬಲಿತದ್ದನ್ನು ತಿಳಿಯಲು ಹಳೆಯದೊಂದು ಉಪಾಯವಿದೆ. ಕಾಯಿಯನ್ನು ಒಂದು ಅಡಿ ಎತ್ತರದಿಂದ ಕಲ್ಲುನೆಲದ ಮೇಲೆ ಬೀಳಬಿಡಬೇಕು. ಎಳೆಯ ಕಾಯಿ ಚೆಂಡಿನಂತೆ ಪುಟಿಯುವದು; ಬಲಿತದ್ದು ಪುಟಿಯದೆ ದಪ್ಪನೆ ಕೂಡ್ರುವದು. ಪುಟಿಯದ ಕಾಯಿಗಳನ್ನಷ್ಟೆ ಆರಿಸಿ ಎರಡು ವಾರ ಬಿಸಿಲಿಗಿಟ್ಟರೆ ಒಳಗೆ ಪೂರ್ಣ ಹಣ್ಣಾಗಿ, ತೊಗಟೆಯ ಹೊರಗೂ ವಾಸನೆ ಬರತೊಡಗುವದು. ಆಮೇಲೆ ಒಡೆದು ನೋಡತಕ್ಕದ್ದು.

ತಿರುಳು ಸಿಹಿಯಾಗಿರುವದಷ್ಟೆ ಸಾಲದು. ಕಾಯಿ ದೊಡ್ಡದಿದ್ದರೂ ತೊಗಟೆಯು ಅತಿ ದಪ್ಪವಾಗಿದ್ದರೆ ತಿರುಳಿಗೆ ಎಡೆ ಕಡಿಮೆ. ನಾರು ಹೆಚ್ಚಾಗಿದ್ದರೆ ಸೋಸಲು ಶ್ರಮ. ಬೀಜ ಕಡಿಮೆಯಾಗಿದ್ದಷ್ಟು ಒಳ್ಳೆಯದು. ಪ್ರತಿವರ್ಷ ತಪ್ಪದೆ ಕಾಯಿ ಬಿಡುವದೋ ಒಂದು ವರ್ಷ ಬಿಟ್ಟು ಒಂದು ವರ್ಷವೋ ಎಂಬುದನ್ನು ಹೊಲದ ಒಡೆಯನಿಂದ ಕೇಳಿ ತಿಳಿಯಬೇಕು. ಒಂದು ವರ್ಷದ ಪರೀಕ್ಷೆಯನ್ನು ನಂಬಿ ಗಡಿಬಿಡಿ ಮಾಡಲಾಗದು. ಮಳೆ ಹೆಚ್ಚು ಕಡಿಮೆಯಾದ ಹಾಗೆ ಹಣ್ಣಿನ ರುಚಿಯೂ ತುಸು ಬದಲಾಗುವದು. ಎರಡು ಸುಗ್ಗಿಗಳಲ್ಲಿಯೂ ಮೇಲಾಗಿ ನಿಂತ ಮರವನ್ನೆ ತಾಯಿಮರವೆಂದು ಹಿಡಿಯಬೇಕು. ಹುಳಿಮರಗಳನ್ನು ಪಟ್ಟಿಯಿಂದ ಹೊಡೆದು ಹಾಕುವ ಅವಶ್ಯವಿಲ್ಲ. ಚಟ್ನಿಗೂ ಜೆಲ್ಲಿಗೂ ಹುಳಿಯೇ ಬೇಕೆಂಬುದನ್ನು ಮುಂದೆ ಹೇಳಿದೆ. ತಾಯಿಮರವು ಬೇರೊಬ್ಬನ ಹೊಲದಲ್ಲಿದ್ದರೆ ಊರ ಹಿರಿಯರು ಅವನೊಡನೆ ಮಾತಾಡಿ, ಮರವನ್ನು ಕಡಿಯದಿರುವಂತೆಯೂ ಕಡ್ಡಿ ಕೊಡುವಂತೆಯೂ ಒಪ್ಪಿಸಬೇಕು. ಅನಿವಾರ್ಯವಾಗಿ ಮರ ತೆಗೆಯಬೇಕಾಗಿ ಬಂದವರು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ಅಪ್ಪಣೆ ಬೇಕಾಗುವದೋ ಹೇಗೆಂಬುದನ್ನು ಅರಣ್ಯ ಇಲಾಖೆಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು.

ಕಸಿ ಮತ್ತು ನಾಟಿ

ಬೆಳವಲವನ್ನು ಯಾರೂ ನೆಡದಿರಲು ಹುಳಿಯೊಂದೇ ಕಾರಣವಲ್ಲ. ಬೀಜದ ಗಿಡವು ಫಲ ಕೊಡಬೇಕಾದರೆ 15 ವರ್ಷಗಳಾದರೂ ಹಿಡಿಯುವದು. ಅಷ್ಟು ಕಾದ ಮೇಲೆ ಬಂದ ಹಣ್ಣು ಹುಳಿಯಾದರೆ ಯಾರಿಗೆ ತಾನೆ ಉತ್ಸಾಹ ಉಳಿದೀತು? ಕಸಿಗಿಡವು ಈ ಎರಡು ತೊಂದರೆಗಳನ್ನೂ ಒಮ್ಮೆಲೆ ಕಳೆಯುವದು. ಗುಣವು ತಾಯಿಮರದ್ದೇ ಇರುವದು. ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷಗಳಲ್ಲಿ ಮೊದಲಿನ ಹಣ್ಣು ಕಾಣುವದು. ಮರವೂ ಅತಿ ಎತ್ತರ ಬೆಳೆಯದೆ ಕೈಗೆಟುಕುವಂತಿರುವದು.

ಕಸಿಗೆ ಬೇಕಾದ ಬುಡದ ಸಸಿಗಳನ್ನು ಯಾವ ಮರದ ಬೀಜದಿಂದಲಾದರೂ ಮಾಡಿಕೊಳ್ಳಬಹುದು. ಹಣ್ಣಿನಿಂದ ತೆಗೆದ ಬೀಜಗಳನ್ನು ತಿರುಳು ಹೋಗುವವರೆಗೆ ನೀರಲ್ಲಿ ತಿಕ್ಕಿ ತೊಳೆದು, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತಬೇಕು. ಎರಡು ಮೂರು ವಾರಗಳಲ್ಲಿ ಮೊಳೆಯುವವು. ಬೇರು ಆಳಕ್ಕೆ ಇಳಿಯುವ ಸ್ವಭಾವದ್ದಾದುದರಿಂದ ಪಾತಿಗಿಂತ ಉದ್ದನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಬೆಳೆಸುವದು ಮೇಲು. ನಿಂಬೆಯ ಎಲೆ ತಿನ್ನುವ ಹುಳು ಈ ಸಸಿಗಳಿಗೂ ಬೀಳುವದು. ಅದರ ಮರಿ ಮೊದಲು ಹಕ್ಕಿಯ ಹಿಕ್ಕೆಯಂತೆ ತೋರಿ, ಆಮೇಲೆ ಹಸುರು ಬಣ್ಣಕ್ಕೆ ತಿರುಗುವದು. ಮುಂಜಾನೆ ಕೈಯಿಂದ ಆರಿಸಿ ತೆಗೆದರೆ ಔಷಧದ ಅವಶ್ಯವೇ ಬೀಳದು.

ಸಸಿಯ ಬುಡವು ಸೀಸದ ಕಡ್ಡಿಯಷ್ಟು ದಪ್ಪವಾದ ಮೇಲೆ, ಮಳೆಗಾಲದ ತೇವದ ಹವೆಯಲ್ಲಿ ಮೃದುಕಾಂಡ ಕಸಿ ಮಾಡಬಹುದು. ಇಲ್ಲೊಂದು ಮುನ್ನೆಚ್ಚರಿಕೆ ಅವಶ್ಯ. ಮುದಿಮರದಲ್ಲಿ ಕಸಿಗೆ ತಕ್ಕ ಕಸುವುಳ್ಳ ಕಡ್ಡಿ ಸಿಗುವದು ಅಪರೂಪ. ಆದುದರಿಂದ ತಾಯಿಮರದ ಒಂದೆರಡು ಟೊಂಗೆಗಳನ್ನು ಕೆಲವು ತಿಂಗಳು ಮುಂಚೆ ಹಿಂದಕ್ಕೆ ಕತ್ತರಿಸಿ ಹೊಸ ಚಿಗುರು ಬರಿಸಿಕೊಳ್ಳಬೇಕು. ಆ ಚಿಗುರು ಮೂರು ನಾಲ್ಕು ತಿಂಗಳದ್ದಾದಾಗ, ಕಡ್ಡಿ ಕೊಯ್ಯುವ ಒಂದು ವಾರ ಮುಂಚೆ ಎಲೆಗಳನ್ನು ಚೂರು ತೊಟ್ಟು ಉಳಿಸಿ ಕತ್ತರಿಸಿ ಹಾಕಬೇಕು, ಕಣ್ಣುಗಳು ಉಬ್ಬುವವು. ಸಸಿಯ ತಲೆಯನ್ನು ಕತ್ತರಿಸಿ ನಡುವೆ ಒಂದೂವರೆ ಅಂಗುಲ ಸೀಳಿ, ಕಡ್ಡಿಯ ಬುಡವನ್ನು ಬೆಣೆಯಂತೆ ಎರಡೂ ಕಡೆ ಹೆರೆದು ಸೀಳಿನಲ್ಲಿ ಕೂಡ್ರಿಸಬೇಕು. ಎರಡರ ಸಿಪ್ಪೆಗಳೂ ಒಂದು ಬದಿಗಾದರೂ ಒಂದಕ್ಕೊಂದು ತಾಕಿರತಕ್ಕದ್ದು. ಕಸಿ ಹತ್ತುವದೂ ಬಿಡುವದೂ ಇದರ ಮೇಲೆಯೇ ಇದೆ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೆ ಸಣ್ಣ ಚೀಲವನ್ನು ಟೊಪ್ಪಿಗೆಯಂತೆ ತೊಡಿಸಿ ನೆರಳಿನಲ್ಲಿಡಬೇಕು. ಎರಡು ಮೂರು ವಾರಗಳಲ್ಲಿ ಚಿಗುರೊಡೆದ ಮೇಲೆ ಟೊಪ್ಪಿಗೆಯನ್ನು ತೆಗೆಯಬೇಕು. ಸ್ವತಃ ಮಾಡಲು ಅಳುಕುವವರು ಮಾವಿನ ಕಲಮು ಕಟ್ಟುವ ಅನುಭವಿಕ ಮಾಲಿಯನ್ನು ಕರೆಯಿಸಬಹುದು, ಕೈಚಳಕ ಅದೇ. ಧಾರವಾಡದಲ್ಲಿ 1986ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯವೂ, ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪಿತವಾದ ತೋಟಗಾರಿಕಾ ವಿಶ್ವವಿದ್ಯಾಲಯವೂ ಈ ಭಾಗಕ್ಕೆ ದೂರವಲ್ಲ. ಕಸಿಯ ವಿಷಯದಲ್ಲಿ ಸಂಶಯವಿದ್ದವರು ಅಲ್ಲಿ ಕೇಳಿಕೊಳ್ಳುವದು ಹಿತಕರ.

ನಾಟಿಯ ಕುಣಿಗಳನ್ನು ಬೇಸಿಗೆಯಲ್ಲಿಯೇ ಎರಡೂವರೆ ಅಡಿ ಉದ್ದ, ಅಗಲ, ಆಳ ತೋಡಿ ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಕೂಡಿಸಿ, ಎರೆಭೂಮಿಯಾದರೆ ತುಸು ಮರಳನ್ನೂ ಬೆರೆಸಿ, ನೆಲಮಟ್ಟಕ್ಕಿಂತ ಅರ್ಧ ಅಡಿ ದಿಬ್ಬವಾಗುವಂತೆ ತುಂಬಬೇಕು. ನೀರು ಬುಡದಲ್ಲಿ ನಿಂತರೆ ಬೆಳವಲವೂ ಸಹಿಸದು. ಮಿರಗದ ಮಳೆ ಬಿದ್ದು ನೆಲ ತಣಿದ ಮೇಲೆ ಸಸಿ ಹಚ್ಚಬೇಕು. ಸಾಲಾಗಿ ಹಚ್ಚುವದಾದರೆ ಗಿಡದಿಂದ ಗಿಡಕ್ಕೆ 25 ಅಡಿ ಇರಲಿ.

ಆದರೆ ಫಲವತ್ತಾದ ಎರೆಹೊಲದ ನಡುವೆ ಬೆಳವಲದ ತೋಟ ಮಾಡೆಂದು ಯಾರಿಗೂ ಹೇಳುವಂತಿಲ್ಲ. ಹತ್ತಿ ಬೆಳೆಯುವ ನೆಲದಲ್ಲಿ ಹತ್ತಿಯನ್ನೇ ಬೆಳೆಯಬೇಕು. ಇದರ ಸ್ಥಳವು ಒಡ್ಡು, ಹಿತ್ತಲು, ಗಾಯರಾಣದ ಅಂಚು, ಕೆರೆಯ ಏರಿಯ ಕೆಳಬದಿ. ಬೆಣ್ಣಿಹಳ್ಳ ಮತ್ತು ಅದಕ್ಕೆ ಕೂಡುವ ಹಳ್ಳಗಳ ದಂಡೆಗೂ ಇದು ಒಪ್ಪುವದು. ಆದರೆ ನೆರೆ ಹರಿಯುವ ದಾರಿಯಿಂದ ಮೇಲಕ್ಕೆ ಹಚ್ಚಬೇಕು, ಬೆಣ್ಣಿಹಳ್ಳದ ಸಿಟ್ಟು ಕುಂದಗೋಳ ನವಲಗುಂದದವರಿಗೆ ಹೊಸದಲ್ಲ. ಒಡ್ಡಿನ ಮೇಲೆ ಹಚ್ಚುವವರು ನೆರಳಿನ ವಿಚಾರವನ್ನೂ ಮಾಡತಕ್ಕದ್ದು. ಹಿಂಗಾರಿಯಲ್ಲಿ ಸೂರ್ಯನು ದಕ್ಷಿಣಕ್ಕೆ ಸರಿದಿರುವದರಿಂದ ನೆರಳು ಉತ್ತರಕ್ಕೆ ಬೀಳುವದು. ಉತ್ತರದ ಒಡ್ಡಿಗೆ ಗಿಡ ಹಚ್ಚಿದರೆ ತನ್ನ ಜೋಳಕ್ಕೆ ಬಾಧೆಯಿಲ್ಲ ನಿಜ. ನೆರೆಯವನ ಜೋಳಕ್ಕೆ ಬಾಧೆಯುಂಟು. ತಂಟೆಯು ಚಾವಡಿಯವರೆಗೆ ಬರುವದಕ್ಕೆ ಮುಂಚೆಯೇ ಅವನೊಡನೆ ಮಾತಾಡಿ, ಹಣ್ಣಿನಲ್ಲಿ ಪಾಲು ಗೊತ್ತುಮಾಡಿಕೊಳ್ಳುವದು ಜಾಣತನ.

ಮೊದಲಿನ ಎರಡು ಬೇಸಿಗೆಗಳೇ ಗಂಡಾಂತರದ ಕಾಲ. ಎರೆಮಣ್ಣು ಬಿರಿಯುವಾಗ ಎಳೆಬೇರುಗಳನ್ನು ಹರಿದುಹಾಕುವದು, ಬಿರುಕಿನಿಂದ ಒಳಗಿನ ತೇವವೂ ಆರಿಹೋಗುವದು. ಆದುದರಿಂದ ಗಿಡದ ಸುತ್ತ ಮೂರು ಅಡಿಯವರೆಗೆ ಮೇಲಿಂದ ಮೇಲೆ ಕೆದರಿ ಪುಡಿಮಣ್ಣು ಮಾಡಿ, ಅದರ ಮೇಲೆ ಹೊಟ್ಟು ಅಥವಾ ಕಸಕಡ್ಡಿಯ ಹೊದಿಕೆ ಹಾಸಬೇಕು. ತಳದಲ್ಲಿ ಸಣ್ಣ ತೂತಿದ್ದ ಗಡಿಗೆಯೊಂದನ್ನು ಗಿಡದ ಪಕ್ಕಕ್ಕೆ ಕೊರಳಿನವರೆಗೆ ಹೂಳಿ, ವಾರಕ್ಕೊಮ್ಮೆ ತುಂಬಿದರೆ ನೀರು ಮೆಲ್ಲಗೆ ಬೇರಿಗೆ ಇಳಿಯುವದು. ಆಡುಗಳ ಬಾಯಿಂದ ಕಾಪಾಡಲು ಜಾಲಿಯ ಮುಳ್ಳು ಹಚ್ಚಬೇಕು. ಬಲಿತ ಮರಕ್ಕೆ ತನ್ನದೇ ಮುಳ್ಳುಗಳಿದ್ದರೂ ಎಳೆಯ ಗಿಡವನ್ನು ಆಡು ಬಿಡುವದಿಲ್ಲ. ಕಸಿಯ ಗಂಟಿನ ಕೆಳಗೆ ಒಡೆಯುವ ಚಿಗುರುಗಳನ್ನು ಕಂಡಕೂಡಲೆ ಚಿವುಟಬೇಕು. ಹಾಗೆ ಮಾಡದಿದ್ದರೆ ಬುಡದ ಗಿಡವು ಬಲಿತು ಕಸಿಯು ಒಣಗುವದು, ಐದು ವರ್ಷಗಳ ಮೇಲೆ ಸಿಹಿಹಣ್ಣಿನ ಬದಲು ಹಳೆಯ ಹುಳಿಯೇ ಕೈಗೆ ಬರುವದು.

ಮರ ದೊಡ್ಡದಾದ ಮೇಲೆ ಹೆಚ್ಚಿನ ಆರೈಕೆ ಬೇಡ. ಕಾಯಿ ಕೊರೆಯುವ ಹುಳುಗಳಲ್ಲಿ ದಾಳಿಂಬೆಯ ಹುಳುವು ಇದಕ್ಕೂ ತಗಲುವದರಿಂದ ದಾಳಿಂಬೆಯ ತೋಟಕ್ಕೆ ಹೊಂದಿಸಿ ಬೆಳವಲ ಹಚ್ಚಬಾರದು. ತೂತು ಬಿದ್ದ ಕಾಯಿಗಳನ್ನು ಮರದ ಕೆಳಗೆ ಬಿಡದೆ ಆರಿಸಿ ಸುಡಬೇಕು.

ಅಡಿಗೆಯಲ್ಲಿ ಬೆಳವಲ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಪ್ರಕಟಿಸಿದ ಕೋಷ್ಟಕದ ಮೇರೆಗೆ 100 ಗ್ರಾಂ ಬೆಳವಲದ ತಿರುಳಿನಲ್ಲಿ ಸುಮಾರು 7 ಗ್ರಾಂ ಸಸಾರಜನಕವೂ 130 ಮಿಲಿಗ್ರಾಂ ಸುಣ್ಣದ ಅಂಶವೂ 110 ಮಿಲಿಗ್ರಾಂ ರಂಜಕವೂ ಇರುವವು. ಹಣ್ಣುಗಳಲ್ಲಿ ಇಷ್ಟು ಸಸಾರಜನಕವಿರುವದು ಅಪೂರ್ವ. ಹುಳಿಯಾದ ಹಣ್ಣೆಲ್ಲ ಸಿ ಜೀವಸತ್ವದ ಭಂಡಾರವೆಂದು ನಂಬುವವರುಂಟು. ಬೆಳವಲದ ಮಟ್ಟಿಗೆ ಈ ನಂಬಿಕೆ ಸುಳ್ಳು. ಅದರಲ್ಲಿ ಆ ಜೀವಸತ್ವವು ಅತ್ಯಲ್ಪ. ಅದು ಬೇಕಾದವರು ನೆಲ್ಲಿಯನ್ನೋ ಪೇರಲವನ್ನೋ ತಿನ್ನಬೇಕು. ಇನ್ನು ಹಸಿಯ ಕಾಯಿಯು ಗಂಟಲಿಗೆ ಕೇಡೆಂದು ಆಯುರ್ವೇದದ ಗ್ರಂಥಗಳು ಹೇಳುವವು. ಸವಾಯಿ ಗಂಧರ್ವರ ಊರಾದ ಕುಂದಗೋಳದ ಸುತ್ತಿನಲ್ಲಿ ಹಾಡುವವರಿಗೆ ಕೊರತೆಯಿಲ್ಲವಾದುದರಿಂದ ಈ ಎಚ್ಚರಿಕೆಯನ್ನು ಇಲ್ಲಿ ಹೇಳಿದ್ದು ವ್ಯರ್ಥವಾಗಲಾರದು.

ಯಾವ ಅಡಿಗೆಗಾದರೂ ಒಂದು ನಿಯಮವನ್ನು ಮರೆಯಬಾರದು. ತಿರುಳಿನ ಹುಳಿಯು ಕಬ್ಬಿಣ, ತಾಮ್ರ, ಹಿತ್ತಾಳೆಗಳನ್ನು ತಿನ್ನುವದು. ಕಲಾಯಿ ಮಾಡಿದ ಪಾತ್ರೆ, ಕಲ್ಲಿನ ಪಾತ್ರೆ, ಇಲ್ಲವೆ ಈಗ ಎಲ್ಲ ಮನೆಗಳಲ್ಲಿರುವ ಸ್ಟೀಲಿನ ಪಾತ್ರೆಯನ್ನೇ ಉಪಯೋಗಿಸಬೇಕು.

ಜೋಳದ ರೊಟ್ಟಿಗೆ ತಕ್ಕ ವ್ಯಂಜನವೆಂದರೆ ಬೆಳವಲದ ಚಟ್ನಿ. ಪೂರ್ಣ ಹಣ್ಣಾದ ಒಂದು ಹಣ್ಣಿನ ತಿರುಳಿಗೆ ಅದರ ಅರ್ಧದಷ್ಟು ಬೆಲ್ಲ, ಐದಾರು ಒಣ ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚೆ ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ, ರುಚಿಗೆ ಉಪ್ಪು. ಮೆಣಸಿನಕಾಯಿಯನ್ನು ತುಸು ಎಣ್ಣೆಯಲ್ಲಿ ಹುರಿದು ಎಲ್ಲವನ್ನೂ ಕೂಡಿಸಿ ಒರಳಿನಲ್ಲಿ ಅರೆಯಬೇಕು. ಬೀಜಗಳನ್ನು ತೆಗೆಯುವ ಕಾರಣವಿಲ್ಲ. ಅರೆದಾಗ ಅವು ಎಳ್ಳಿನಂತೆ ಬಾಯಿಗೆ ಹಿತವಾಗುವವು. ಹುಳಿಮರದ ಹಣ್ಣಾದರೆ ಬೆಲ್ಲವನ್ನು ತಿರುಳಿನ ಸಮಕ್ಕೆ ಏರಿಸಬೇಕು. ಬಲಿತಿದ್ದು ಇನ್ನೂ ಹಣ್ಣಾಗದ ಕಾಯಿಯ ಚಟ್ನಿಯ ರೀತಿ ಬೇರೆ. ಅದಕ್ಕೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಹುರಿದ ಶೇಂಗಾದ ಪುಡಿ ಹಾಕಬೇಕು, ಬೆಲ್ಲ ಚೂರೇ ಸಾಕು. ಶೇಂಗಾ ಕೂಡಿಸಿದರೆ ಕಾಯಿಯ ಒಗರು ತಗ್ಗುವದು. ಹಣ್ಣಿನ ಚಟ್ನಿಯು ನಾಲ್ಕೈದು ದಿನ ತಾಳುವದು. ಕಾಯಿಯ ಚಟ್ನಿಯನ್ನು ಅಂದೇ ಮುಗಿಸಬೇಕು.

ಮಕ್ಕಳಿಗೆ ಅತಿ ಸುಲಭವಾದ ರೀತಿಯೊಂದುಂಟು. ಹಣ್ಣಿನ ತೊಟ್ಟಿನ ಕಡೆ ಒಂದು ಬಿಲ್ಲೆಯಷ್ಟು ತೊಗಟೆ ಒಡೆದು, ಬೆಲ್ಲದ ಪುಡಿಯನ್ನೂ ಹರಳು ಉಪ್ಪನ್ನೂ ಒಳಗೆ ಹಾಕಿ ಕಡ್ಡಿಯಿಂದ ಕಲಸಿ, ಒಂದು ಗಳಿಗೆ ಬಿಟ್ಟು ತಿನ್ನುವದು. ಬೇರೆ ಪಾತ್ರೆಯೇ ಬೇಡ.

ಪಾನಕಕ್ಕೆ ಒಂದು ದೊಡ್ಡ ಹಣ್ಣಿನ ತಿರುಳನ್ನು ನಾಲ್ಕು ಲೋಟ ನೀರಿನಲ್ಲಿ ಅರ್ಧ ತಾಸು ನೆನೆಯಿಟ್ಟು, ಚೆನ್ನಾಗಿ ಹಿಚುಕಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಬೇಕು. ಬೆಲ್ಲ, ಏಲಕ್ಕಿ, ನಾಲ್ಕು ಕಾಳು ಮೆಣಸಿನ ಪುಡಿ, ಚಿಟಿಕೆ ಉಪ್ಪು ಹಾಕಿದರೆ ಚೈತ್ರದ ಬಿಸಿಲಿಗೆ ಇದಕ್ಕಿಂತ ತಂಪಾದ ಪೇಯ ಸಿಗುವದು ಕಷ್ಟ. ಮೈಸೂರ ಕಡೆಗೆ ರಾಮನವಮಿಯ ಪಾನಕಕ್ಕೆ ಇದೇ ಹಣ್ಣು ಸಲ್ಲುವದು. ಮಹಾರಾಷ್ಟ್ರದಲ್ಲಿ ಮಹಾಶಿವರಾತ್ರಿಯ ಉಪವಾಸಕ್ಕೆ ಕವಠವನ್ನೂ ಅದರ ವಡಿಯನ್ನೂ ತಿನ್ನುವ ರೂಢಿಯಿದೆ. ಎರಡೂ ಹಬ್ಬಗಳು ಬೆಳವಲವು ಹಣ್ಣಾಗುವ ಕಾಲಕ್ಕೇ ಅದರ ಬೆನ್ನಿಗೇ ಬರುವವು, ಧಾರವಾಡ ಜಿಲ್ಲೆಯು ಎರಡೂ ನಾಡುಗಳ ನಡುವೆ ಇದೆ. ಮೇಲಾಗಿ ಈ ಹಣ್ಣಿಗೆ ದೇವರು ಕೊಟ್ಟ ಪೆಟ್ಟಿಗೆಯೇ ಇದೆ. ಮಾವಿನಂತೆ ಹುಲ್ಲು ಹಾಸಿ ಕಟ್ಟಬೇಕಾಗಿಲ್ಲ, ಚೀಲದಲ್ಲಿ ತುಂಬಿ ಬಂಡಿಗೆ ಹಾಕಿದರೂ ಒಡೆಯದೆ ವಾರಗಟ್ಟಲೆ ತಾಳುವದು. ಮಾರಾಟದ ವಿಚಾರ ಮಾಡುವ ಜಮೀನುದಾರರು ಈ ಅನುಕೂಲತೆಯನ್ನು ಲಕ್ಷಕ್ಕೆ ತರಬೇಕು.

ವಡಿಯನ್ನು ಮಾಡಲು ಸಿಹಿಹಣ್ಣಿನ ತಿರುಳನ್ನು ತುಸು ನೀರಿನಲ್ಲಿ ಹಿಚುಕಿ ಜರಡಿಯಲ್ಲಿ ತಿಕ್ಕಿ ಬೀಜ ನಾರು ಬೇರ್ಪಡಿಸಬೇಕು. ಆ ರಸಕ್ಕೆ ಸಮಪಾಲು ಸಕ್ಕರೆ ಕೂಡಿಸಿ ಸಣ್ಣ ಉರಿಯ ಮೇಲೆ ಬಿಡದೆ ತಿರುವುತ್ತ, ಪಾತ್ರೆಯ ಅಂಚು ಬಿಟ್ಟು ಮುದ್ದೆಯಾಗುವವರೆಗೆ ಬೇಯಿಸಿ, ತುಪ್ಪ ಸವರಿದ ತಾಟಿನಲ್ಲಿ ಸುರುವಿ, ಆರಿದ ಮೇಲೆ ಕೊಯ್ಯಬೇಕು. ತಳ ಹತ್ತಿದರೆ ಕಹಿಯಾಗುವದು.

ಹುಳಿಮರಗಳ ಹಣ್ಣಿಗೆ ಜೆಲ್ಲಿಯೇ ಸದ್ಗತಿ. ಬೆಳವಲದಲ್ಲಿ ಪೆಕ್ಟಿನ್ ಎಂಬ ಹೆಪ್ಪುಗಟ್ಟಿಸುವ ಅಂಶವೂ ಹುಳಿಯೂ ಸ್ವಭಾವತಃ ಹೇರಳವಾಗಿರುವದರಿಂದ ನಿಂಬೆಯ ರಸವನ್ನಾಗಲಿ ಬೇರೆ ಪುಡಿಯನ್ನಾಗಲಿ ಹಾಕುವ ಅವಶ್ಯವಿಲ್ಲ. ತಿರುಳಿಗೆ ಒಂದೂವರೆ ಪಾಲು ನೀರು ಹಾಕಿ ಅರ್ಧ ತಾಸು ಮೆಲ್ಲಗೆ ಕುದಿಸಿ, ದಪ್ಪ ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ತೂಗಹಾಕಬೇಕು. ತಾನಾಗಿ ತೊಟ್ಟಿಕ್ಕಿದ ರಸವನ್ನಷ್ಟೆ ತೆಗೆದುಕೊಳ್ಳಬೇಕು. ಆತುರಪಟ್ಟು ಗಂಟನ್ನು ಹಿಂಡಿದರೆ ಜೆಲ್ಲಿಯು ಕದಡಿ ಮಂಕಾಗುವದು. ಒಂದು ಪಾಲು ರಸಕ್ಕೆ ಮುಕ್ಕಾಲು ಪಾಲು ಸಕ್ಕರೆ ಹಾಕಿ ಜೋರು ಉರಿಯಲ್ಲಿ ಕುದಿಸುತ್ತ, ನೊರೆಯನ್ನು ತೆಗೆಯುತ್ತಿರಬೇಕು. ಸೌಟಿನಲ್ಲಿ ಎತ್ತಿ ಓರೆಮಾಡಿದಾಗ ಹನಿಹನಿಯಾಗಿ ಬೀಳದೆ ಹಾಳೆಯಂತೆ ಒಂದಾಗಿ ಜಾರಿದರೆ ಹದ ಬಂದಂತೆ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬರಣಿಗಳಲ್ಲಿ ಬಿಸಿಯಿರುವಾಗಲೇ ತುಂಬಿ, ಆರಿದ ಮೇಲೆ ಮುಚ್ಚಬೇಕು. ಸಿಂಹಳದಲ್ಲಿ ಈ ಹಣ್ಣಿಗೆ ದಿವುಲ್ ಎಂದು ಹೆಸರು. ಅಲ್ಲಿಯವರು ತಿರುಳಿಗೆ ತೆಂಗಿನ ಹಾಲು ಬೆಲ್ಲ ಕೂಡಿಸಿ ಕುಡಿಯುವದಲ್ಲದೆ, ಇದರ ಜಾಮನ್ನು ಬಾಟಲಿಗಳಲ್ಲಿ ತುಂಬಿ ಪರದೇಶಗಳಿಗೂ ಕಳಿಸುವರು. ಅಲ್ಲಿ ಮಾರಾಟಕ್ಕೆ ಬಂದ ಹಣ್ಣು ಇಲ್ಲಿಯ ಒಡ್ಡಿನ ಮೇಲಿನ ಹಣ್ಣೇ.

ಅಡಿಗೆಗೆ ಹಣ್ಣು ಒಡೆದ ದಿವಸವೇ ಕಸಿಯ ಬುಡದ ಸಸಿಗಳಿಗಾಗಿ ಬೀಜ ಕೂಡಿಸಿಕೊಳ್ಳಲು ಅನುಕೂಲ. ಪಾನಕ ಮತ್ತು ವಡಿಗಾಗಿ ಬೇಯಿಸದೆ ಸೋಸಿ ಉಳಿದ ಗಸಿಯನ್ನು ನೀರಿನಲ್ಲಿ ಕಲಕಿದರೆ ನಾರು ತೇಲಿ ಬೀಜಗಳು ತಳಕ್ಕೆ ಕೂಡುವವು. ಅವನ್ನು ತೊಳೆದು ಬಿತ್ತಬಹುದು. ಜೆಲ್ಲಿಯ ಗಂಟಿನಲ್ಲಿ ಉಳಿದ ಬೀಜಗಳು ಬೆಂದು ಸತ್ತಿರುವದರಿಂದ ಅವನ್ನು ಗೊಬ್ಬರದ ಕುಣಿಗೆ ಹಾಕಬೇಕು.